ಇಳಿದು ಬಂದವನ ದೇಹ: ಬಾದಾಮಿ ಸೀಮೆಯಲ್ಲಿ ‘ನರಾವತಾರ’ ಎಂಬ ಶಬ್ದ

ಬಾದಾಮಿಯ ಗುಹಾಲಯಗಳನ್ನು ಕಾಣಲು ಮೆಟ್ಟಿಲೇರುವ ಸಾಹಿತ್ಯವಿದ್ಯಾರ್ಥಿಗೆ ಮೂರನೆಯ ಗುಹೆಯಿಂದ ನಾಲ್ಕನೆಯ ಗುಹೆಗೆ ಇರುವ ದೂರ ಅತ್ಯಲ್ಪ. ಆ ಅಲ್ಪ ದೂರದಲ್ಲಿಯೇ ದೇಹವನ್ನು ಕುರಿತ ಎರಡು ದರ್ಶನಗಳು ಕವಲೊಡೆದು ನಿಂತಿವೆ. ಚಾಲುಕ್ಯ ಮಂಗಳೇಶನು ಶಕವರ್ಷ ೫೦೦ರ, ಎಂದರೆ ಕ್ರಿ.ಶ. ೫೭೮ರ, ಕಾರ್ತಿಕ ಹುಣ್ಣಿಮೆಯಂದು ವಿಷ್ಣುವಿಗೆ ಸಮರ್ಪಿಸಿದ ಮೂರನೆಯ ಗುಹೆಯಲ್ಲಿ ವರಾಹನು ಭೂದೇವಿಯನ್ನು ಎತ್ತಿ ಹಿಡಿದಿದ್ದಾನೆ, ನರಸಿಂಹನು ನಿಂತಿದ್ದಾನೆ, ತ್ರಿವಿಕ್ರಮನ ಎತ್ತಿದ ಪಾದವು ಭಿತ್ತಿಯ ಮೇಲ್ಭಾಗವನ್ನು ಮುಟ್ಟುವಂತಿದೆ. ಮೇಲಿರುವವನು ಇಳಿದು ದೇಹ ಧರಿಸಿ ಲೋಕಕಾರ್ಯವನ್ನು ಮುಗಿಸುವ ದರ್ಶನವದು. ನಾಲ್ಕನೆಯದಾದ ಜಿನಾಲಯದಲ್ಲಿ ಪಾರ್ಶ್ವನಾಥನೂ ಬಾಹುಬಲಿಯೂ ಕಾಯೋತ್ಸರ್ಗದಲ್ಲಿ ನಿಂತಿದ್ದಾರೆ. ಬಾಹುಬಲಿಯ ಮೈಗೆ ಬಳ್ಳಿ ಹಬ್ಬಿದೆ, ಕಾಲ ಬಳಿ ಸರ್ಪಗಳಿವೆ, ಆತನು ಅಲುಗುವುದಿಲ್ಲ. ದೇಹದ ಮೇಲಿನ ಮಮಕಾರವನ್ನು ಬಿಟ್ಟು ಮನುಷ್ಯನು ಏರುವ ದರ್ಶನವಿದು. ಒಂದೆಡೆ ಕಾಯದ ಸ್ವೀಕಾರ, ಇನ್ನೊಂದೆಡೆ ಕಾಯದ ಉತ್ಸರ್ಗ.

ಈ ಎರಡೂ ದರ್ಶನಗಳು ಕಲ್ಲಿನಲ್ಲಿ ಮೂಡಿ ಹನ್ನೆರಡು ಶತಮಾನಗಳು ಕಳೆದ ಮೇಲೆ ಇದೇ ಸೀಮೆಗೆ ದೇಹವನ್ನು ಕುರಿತ ಮತ್ತೊಂದು ಮಾತು ಬಂದಿತು. ಅದು ಕಲ್ಲಿನಲ್ಲಿ ಬರಲಿಲ್ಲ, ಅಚ್ಚಿನ ಪುಸ್ತಕದಲ್ಲಿ ಬಂದಿತು. ಬಾಸೆಲ್ ಮಿಶನ್ನಿನವರು ೧೮೩೪ರಲ್ಲಿ ಮಂಗಳೂರಿಗೆ ಬಂದು, ೧೮೩೭ರಲ್ಲಿ ಧಾರವಾಡದಲ್ಲಿಯೂ ೧೮೩೯ರಲ್ಲಿ ಹುಬ್ಬಳ್ಳಿಯಲ್ಲಿಯೂ ೧೮೪೧ರಲ್ಲಿ ಬೆಟಗೇರಿಯಲ್ಲಿಯೂ ನೆಲೆಗಳನ್ನು ಸ್ಥಾಪಿಸಿ, ೧೮೫೧ರಲ್ಲಿ ಬಾದಾಮಿಗೆ ಸಮೀಪದ ನೇಕಾರರ ಊರಾದ ಗುಳೇದಗುಡ್ಡದಲ್ಲಿ ನೆಲೆಯೂರಿದರು. ಖಣದ ಬಟ್ಟೆಗೆ ಹೆಸರಾದ ಆ ಊರಿನಲ್ಲಿ ಮಗ್ಗದ ಮುಂದೆ ಕುಳಿತವರಿಗೆ ಅವರು ತಿಳಿಸಬೇಕಾಗಿದ್ದ ಸಂಗತಿಗಳಲ್ಲಿ ಅತ್ಯಂತ ಕಠಿನವಾದುದು ಒಂದೇ: ದೇವರು ಮನುಷ್ಯನಾದನು ಎಂಬುದು. ಕ್ರೈಸ್ತಧರ್ಮದ ಉಳಿದ ಬೋಧನೆಗಳೆಲ್ಲವೂ ಈ ಒಂದು ನಂಬಿಕೆಯನ್ನು ಆಧರಿಸಿವೆ. ಇದನ್ನು ಹೇಳಲು ಕನ್ನಡದಲ್ಲಿ ಯಾವ ಶಬ್ದವನ್ನು ಬಳಸಬೇಕು ಎಂಬುದು ಬರಿಯ ಅನುವಾದದ ತೊಡಕಾಗಿರಲಿಲ್ಲ. ಶಬ್ದವು ತಪ್ಪಿದರೆ ನಂಬಿಕೆಯೇ ಬೇರೊಂದಾಗಿ ಕೇಳಿಸುವ ಅಪಾಯವಿತ್ತು.

ಯೋಹಾನನ ಸುವಾರ್ತೆಯ ಮೊದಲ ಅಧ್ಯಾಯದ ಗ್ರೀಕ್ ಮೂಲದಲ್ಲಿ ಎರಡು ಶಬ್ದಗಳು ಎದುರುಬದುರಾಗಿ ನಿಲ್ಲುತ್ತವೆ. ಒಂದು ‘ಲೋಗೋಸ್’, ಮಾತು, ಅರ್ಥ, ವಿಶ್ವದ ಒಳನಿಯಮ ಎಂಬ ಎಲ್ಲ ಅರ್ಥಚ್ಛಾಯೆಗಳನ್ನೂ ಹೊತ್ತ ಶಬ್ದ. ಮತ್ತೊಂದು ‘ಸಾರ್ಕ್ಸ್’, ಬರಿಯ ಮಾಂಸ, ನೋಯುವ ಕೊಳೆಯುವ ಒಡಲು. ಲ್ಯಾಟಿನ್ನಿನಲ್ಲಿ ಈ ತತ್ತ್ವಕ್ಕೆ ಬಂದ ಹೆಸರು ಕೂಡ ಮಾಂಸವೆಂಬ ಶಬ್ದದಿಂದಲೇ ಹುಟ್ಟಿದುದು. ಮೊದಲನೆಯದಕ್ಕೆ ಕನ್ನಡದಲ್ಲಿ ‘ವಾಕ್ಯ’ ಎಂಬ ಶಬ್ದ ದೊರೆಯಿತು. ಶಬ್ದಬ್ರಹ್ಮದ ಕಲ್ಪನೆಯಿದ್ದ ನೆಲದಲ್ಲಿ ಅದಕ್ಕೆ ನೆಲೆ ಸಿಗುವುದು ಕಷ್ಟವಾಗಲಿಲ್ಲ. ಎರಡನೆಯದು ಹಾಗಲ್ಲ. ಮಾಂಸವೆಂದರೆ ಜೈನನಿಗೂ ಲಿಂಗವಂತನಿಗೂ ಬ್ರಾಹ್ಮಣನಿಗೂ ಮೊದಲು ನೆನಪಾಗುವುದು ಅಭಕ್ಷ್ಯ. ದೇವರ ವಾಕ್ಯವು ಮಾಂಸವಾಯಿತು ಎಂದು ಪದಶಃ ಹೇಳಿದರೆ ಕೇಳುಗನಲ್ಲಿ ಭಕ್ತಿಗಿಂತ ಜುಗುಪ್ಸೆಯೇ ಮುಂದಾಗುವುದು ಸಹಜ. ಬಳ್ಳಾರಿಯಲ್ಲಿದ್ದ ಲಂಡನ್ ಮಿಶನ್ನಿನ ಜಾನ್ ಹ್ಯಾಂಡ್ಸರ ಶ್ರಮದಿಂದ ೧೮೩೧ರ ವೇಳೆಗೆ ಸಂಪೂರ್ಣ ಬೈಬಲ್ ಕನ್ನಡದಲ್ಲಿ ಅಚ್ಚಾಗಿತ್ತು. ಬಳಿಕ ಬಾಸೆಲ್ ಮಿಶನ್ನಿನ ವೈಗ್ಲೆ ಮೊದಲಾದವರು ಪರಿಷ್ಕರಣೆಗೆ ತೊಡಗಿದರು. ಕಾಲಕ್ರಮದಲ್ಲಿ ಕನ್ನಡ ಕ್ರೈಸ್ತರ ಬಳಕೆಯಲ್ಲಿ ನಿಂತ ಶಬ್ದಗಳು ‘ನರಾವತಾರ’, ‘ಮನುಷ್ಯಾವತಾರ’ ಎಂಬವು. ಬಾದಾಮಿಯ ಮೂರನೆಯ ಗುಹೆಯ ಶಬ್ದವೇ ಗುಳೇದಗುಡ್ಡದ ಪ್ರಾರ್ಥನಾಲಯದ ಶಬ್ದವೂ ಆಯಿತು.

‘ಅವತಾರ’ವೆಂದರೆ ಇಳಿಯುವಿಕೆ. ಇದು ಒಂದೇ ಮತದ ಸೊತ್ತಾಗಿ ಉಳಿದ ಶಬ್ದವಲ್ಲವೆಂಬುದು ಸಾಹಿತ್ಯದ ವಿದ್ಯಾರ್ಥಿಗಳಿಗೆ ತಿಳಿದದ್ದೇ. ಅವತಾರವಾದವನ್ನು ಒಪ್ಪದ ಜೈನರಲ್ಲಿಯೂ ತೀರ್ಥಂಕರರ ಪಂಚಕಲ್ಯಾಣಗಳಲ್ಲಿ ಮೊದಲನೆಯದು ಗರ್ಭಾವತರಣ. ಕ್ರಿ.ಶ. ೯೪೧ರ ‘ಆದಿಪುರಾಣ’ದಲ್ಲಿ ಪಂಪನು ನಿರೂಪಿಸುವ ಭವಾವಳಿಯಲ್ಲಿ ಜಯವರ್ಮ, ಮಹಾಬಲ, ಲಲಿತಾಂಗ, ವಜ್ರಜಂಘ ಮೊದಲಾದ ಜನ್ಮಗಳನ್ನು ದಾಟಿ, ಸರ್ವಾರ್ಥಸಿದ್ಧಿಯಲ್ಲಿ ಅಹಮಿಂದ್ರನಾಗಿದ್ದ ಜೀವವು ಮರುದೇವಿಯ ಗರ್ಭಕ್ಕೆ ಇಳಿಯುತ್ತದೆ. ಆದರೆ ಅಲ್ಲಿ ಇಳಿಯುವವನು ಜಗತ್ಕರ್ತನಲ್ಲ. ಭವಭವಗಳಲ್ಲಿ ಏರುತ್ತ ಬಂದು ಕೊನೆಯ ಏರಿಕೆಗಾಗಿ ಒಮ್ಮೆ ಇಳಿಯುವ ಜೀವ. ಹುನಗುಂದ ಸೀಮೆಯ ಕೂಡಲಸಂಗಮಕ್ಕೆ ಬಂದರೆ ಅದೇ ಶಬ್ದಕ್ಕೆ ಇನ್ನೊಂದು ಬಣ್ಣ. ಹರಿಹರನ ರಗಳೆಯಿಂದ ೧೩೬೯ರ ಭೀಮಕವಿಯ ‘ಬಸವಪುರಾಣ’ದವರೆಗೆ ಬಸವಣ್ಣನು ಕೈಲಾಸದಿಂದ ಭೂಮಿಗೆ ಇಳಿದುಬಂದ ಕಾರಣಪುರುಷನು. ಹೀಗಾಗಿ ಈ ಸೀಮೆಯ ನೇಕಾರನೊಬ್ಬನು ‘ನರಾವತಾರ’ವೆಂಬ ಶಬ್ದವನ್ನು ಮೊದಲ ಬಾರಿ ಕೇಳಿದಾಗ ಅವನ ಮನಸ್ಸು ಖಾಲಿ ಹಲಗೆಯಾಗಿರಲಿಲ್ಲ, ಅದರ ಮೇಲೆ ಆಗಲೇ ಹಲವು ಬರಹಗಳಿದ್ದವು.

ಕೆಲವರಿಗಂತೂ ಬರಲಿರುವವನೊಬ್ಬನ ನಿರೀಕ್ಷೆಯೂ ಇದ್ದಿತು. ಕೊಡೇಕಲ್ಲ ಬಸವಣ್ಣನ ಪರಂಪರೆಯ ಕಾಲಜ್ಞಾನ ಸಾಹಿತ್ಯವು ವೀರ ವಸಂತರಾಯನು ಬಂದು ಕಲ್ಯಾಣವನ್ನು ಮತ್ತೆ ಕಟ್ಟುವನೆಂದು ನುಡಿಯುತ್ತದೆ. ಬಾಸೆಲ್ ಮಿಶನ್ನಿನ ಆರಂಭದ ವರ್ಷಗಳಲ್ಲಿ ಈ ಕಾಲಜ್ಞಾನಿಗಳಲ್ಲಿ ಕೆಲವರು ಪರದೇಶದ ಬೋಧಕರನ್ನು ಆಸಕ್ತಿಯಿಂದ ಕಂಡರು. ಬೋಧಕರೂ ಅವರಲ್ಲಿ ದೊಡ್ಡ ಆಸೆಯಿಟ್ಟರು. ಆ ಆಸೆ ಬಹುಮಟ್ಟಿಗೆ ಕೈಗೂಡಲಿಲ್ಲ. ಇದಕ್ಕೆ ಸಾಮಾಜಿಕ, ಆರ್ಥಿಕ ಕಾರಣಗಳು ಹಲವು ಇರಬಹುದು. ಆದರೆ ತತ್ತ್ವದ ನೆಲೆಯಲ್ಲಿಯೂ ಒಂದು ಕಾರಣ ಎದ್ದು ತೋರುತ್ತದೆ. ಒಂದು ಕಡೆಯವರು ಕಾಯುತ್ತಿದ್ದುದು ಕತ್ತಿ ಹಿಡಿದು ಬರುವ ಅರಸನನ್ನು. ಇನ್ನೊಂದು ಕಡೆಯವರು ಹೇಳುತ್ತಿದ್ದುದು ದಾಸನ ರೂಪದಲ್ಲಿ ಆಗಲೇ ಬಂದು, ಅಪರಾಧಿಯಂತೆ ಮರಣದಂಡನೆ ಹೊಂದಿದವನನ್ನು. ಇಬ್ಬರೂ ‘ಬಂದನು’, ‘ಬರುವನು’ ಎಂಬ ಒಂದೇ ಕ್ರಿಯಾಪದವನ್ನು ಬಳಸುತ್ತಿದ್ದರೂ ಮಾತು ಒಂದಾಗಿರಲಿಲ್ಲ.

ಈ ಅಂತರವನ್ನು ಸ್ಪಷ್ಟವಾಗಿ ಕಾಣಲು ತ್ರಿವಿಕ್ರಮನ ಶಿಲ್ಪವೇ ಸಾಕು. ಅಲ್ಲಿ ಕುಬ್ಜನಾಗಿ ಬಂದವನು ಬೆಳೆದು ಮೂರು ಲೋಕಗಳನ್ನು ಅಳೆಯುತ್ತಾನೆ. ಅವನ ಕಿರಿದಾದ ದೇಹವು ಹಿರಿದನ್ನು ಮರೆಸಿದ ವೇಷ. ಕ್ರೈಸ್ತರ ನಂಬಿಕೆಯ ಚಲನೆ ಇದಕ್ಕೆ ವಿರುದ್ಧ ದಿಕ್ಕಿನದು. ಸಂತ ಪೌಲನು ಫಿಲಿಪ್ಪಿಯವರಿಗೆ ಬರೆದ ಪತ್ರದಲ್ಲಿ ಕ್ರಿಸ್ತನು ದೇವಸ್ವರೂಪನಾಗಿದ್ದೂ ತನ್ನನ್ನು ಬರಿದು ಮಾಡಿಕೊಂಡನೆಂಬ ವಿಚಾರವಿದೆ. ಕುಬ್ಜತೆಯು ಅಲ್ಲಿ ವೇಷವಲ್ಲ, ಅದೇ ಪ್ರಕಟನೆ. ಎರಡನೆಯ ವ್ಯತ್ಯಾಸ ಸಂಖ್ಯೆಯದು. ಗೀತೆಯ ದೇವರು ಯುಗಯುಗದಲ್ಲಿಯೂ ಬರುವನು. ಕ್ರೈಸ್ತರ ಪ್ರಕಾರ ಈ ಘಟನೆ ಒಮ್ಮೆ ಮಾತ್ರ, ರೋಮನ್ ಅಧಿಕಾರಿಯೊಬ್ಬನ ಹೆಸರಿನೊಡನೆ ಇತಿಹಾಸದ ಒಂದು ಕಾಲಕ್ಕೆ ಕಟ್ಟಿಕೊಂಡು ನಡೆಯಿತು. ಮೂರನೆಯದು ಉದ್ದೇಶದ್ದು. ಹಿರಣ್ಯಕಶಿಪುವಿನ ಉದರವನ್ನು ಸೀಳುವ ಕಾರ್ಯ ಇಲ್ಲಿಲ್ಲ. ಸೀಳಲ್ಪಡುವ ದೇಹವು ಬಂದವನದೇ.

ಇಲ್ಲಿ ವೈಷ್ಣವ ಪಕ್ಷಕ್ಕೆ ಅನ್ಯಾಯವಾಗಬಾರದು. ರಾಮನು ಸೀತೆಗಾಗಿ ಅಳುತ್ತಾನೆ. ಕೃಷ್ಣನು ಬೇಡನ ಬಾಣದಿಂದ ದೇಹವನ್ನು ಬಿಡುತ್ತಾನೆ. ಅವತಾರಪುರುಷರ ಕಥೆಗಳಲ್ಲಿ ನೋವಿಲ್ಲವೆಂದು ಹೇಳಲಾಗದು. ಆದರೆ ಆ ನೋವನ್ನು ವ್ಯಾಖ್ಯಾನಿಸುವಾಗ ಆಚಾರ್ಯರು ಎಚ್ಚರ ವಹಿಸುತ್ತಾರೆ. ಮಧ್ವಮತದಲ್ಲಿ ಅವತಾರದ ದೇಹವು ಪ್ರಾಕೃತವಲ್ಲ, ಜ್ಞಾನಾನಂದಮಯವಾದುದು. ಅಲ್ಲಿ ಕಾಣುವ ದುಃಖವು ಲೋಕವಿಡಂಬನೆ. ಭಗವಂತನ ಪೂರ್ಣತೆಯನ್ನು ಕಾಪಾಡುವುದು ಈ ವ್ಯಾಖ್ಯಾನದ ಗುರಿ.

ಕನ್ನಡ ಓದುಗನಿಗೆ ಇದಕ್ಕಿಂತ ಸ್ಫುಟವಾದ ನಿದರ್ಶನ ಅಲ್ಲಮ ಮತ್ತು ಗೋರಕ್ಷರ ಪ್ರಸಂಗದಲ್ಲಿದೆ. ಕಾಯಸಿದ್ಧಿ ಪಡೆದ ಗೋರಕ್ಷನ ಮೈಮೇಲೆ ಖಡ್ಗದಿಂದ ಹೊಡೆದಾಗ ಖಣಿಲೆಂಬ ಸದ್ದು ಹೊರಡುತ್ತದೆ, ರೋಮವೂ ಕತ್ತರಿಸುವುದಿಲ್ಲ. ಗೋರಕ್ಷನು ಅಲ್ಲಮನನ್ನು ಹೊಡೆದಾಗ ಖಡ್ಗವು ಬಯಲಿನಲ್ಲಿ ಬೀಸಿದಂತೆ ಹಾದುಹೋಗುತ್ತದೆ. ಚಾಮರಸನ ‘ಪ್ರಭುಲಿಂಗಲೀಲೆ’ಯಲ್ಲಿಯೂ ‘ಶೂನ್ಯಸಂಪಾದನೆ’ಯಲ್ಲಿಯೂ ಈ ಪ್ರಸಂಗದ ಆಶಯವೆಂದರೆ, ವಜ್ರದ ದೇಹಕ್ಕಿಂತ ಬಯಲಾದ ದೇಹ ಹಿರಿದು. ಇವೆರಡರ ಪಕ್ಕದಲ್ಲಿ ಯೋಹಾನನ ಸುವಾರ್ತೆಯ ಕೊನೆಯ ಭಾಗದ ಒಂದು ಘಟನೆಯನ್ನಿಟ್ಟು ನೋಡಬೇಕು. ಶಿಲುಬೆಯ ಮೇಲಿದ್ದ ದೇಹವನ್ನು ಸಿಪಾಯಿಯೊಬ್ಬನು ಈಟಿಯಿಂದ ತಿವಿಯುತ್ತಾನೆ. ರಕ್ತವೂ ನೀರೂ ಹೊರಬರುತ್ತವೆ. ಆಯುಧವು ಅಲ್ಲಿ ಸದ್ದು ಮಾಡಿ ಹಿಂದಿರುಗುವುದಿಲ್ಲ, ಬಯಲಿನಲ್ಲಿ ಹಾದುಹೋಗುವುದೂ ಇಲ್ಲ, ಒಳಹೊಗುತ್ತದೆ. ಕ್ರಿಸ್ತನ ದೇಹವು ಕೇವಲ ತೋರಿಕೆಯೆಂದು ವಾದಿಸಿದವರು ಆದಿಯ ಶತಮಾನಗಳಲ್ಲಿಯೇ ಇದ್ದರು. ಅವರ ಮತವನ್ನು ಸಭೆಯು ತಿರಸ್ಕರಿಸಿತು. ದೇವರ ಮಹಿಮೆಗೆ ಕುಂದು ಬಂದೀತೆಂಬ ಅಂಜಿಕೆಗಿಂತ ದೇಹವು ಸುಳ್ಳಾದೀತೆಂಬ ಅಂಜಿಕೆ ಆ ಧರ್ಮದಲ್ಲಿ ಹೆಚ್ಚಿನದಾಗಿತ್ತು.

ಜೈನ ಶಾಸ್ತ್ರಗಳ ಅಭ್ಯಾಸಿಗೆ ಈ ಚರ್ಚೆ ಅಪರಿಚಿತವಲ್ಲ. ತೀರ್ಥಂಕರನ ಜನ್ಮಾತಿಶಯಗಳಲ್ಲಿ ಬೆವರಿಲ್ಲದ ಮೈ, ಹಾಲಿನಂತೆ ಬಿಳಿಯಾದ ರಕ್ತ ಇವು ಸೇರಿವೆ. ಕೇವಲಜ್ಞಾನವನ್ನು ಪಡೆದ ಮೇಲೆ ಅರ್ಹಂತನಿಗೆ ಹಸಿವಿಲ್ಲ, ಕವಲಾಹಾರವಿಲ್ಲ ಎಂಬುದು ದಿಗಂಬರರ ನಿಲುವು. ಶ್ವೇತಾಂಬರರೂ ಕರ್ನಾಟಕದಲ್ಲಿ ಪ್ರಬಲರಾಗಿದ್ದ ಯಾಪನೀಯರೂ ಇದನ್ನು ಒಪ್ಪಲಿಲ್ಲ. ಅಮೋಘವರ್ಷನ ಕಾಲದ ಯಾಪನೀಯ ವೈಯಾಕರಣ ಶಾಕಟಾಯನನು ಕೇವಲಿಯೂ ಉಣ್ಣುವನೆಂದು ಸಾಧಿಸಲು ಒಂದು ಪ್ರಕರಣವನ್ನೇ ರಚಿಸಿದನು. ಸರ್ವಜ್ಞನಿಗೆ ಹಸಿವಾಗುವುದೇ ಎಂಬ ಪ್ರಶ್ನೆ ಹೊರನೋಟಕ್ಕೆ ಕ್ಷುಲ್ಲಕ. ಅದರ ಒಳಗಿರುವ ಪ್ರಶ್ನೆ ಗಹನವಾದುದು: ಪರಮಪದವನ್ನು ಮುಟ್ಟಿದವನು ಎಷ್ಟರಮಟ್ಟಿಗೆ ಇನ್ನೂ ಮನುಷ್ಯ? ಸುವಾರ್ತೆಗಳ ಯೇಸು ಹಸಿಯುತ್ತಾನೆ, ದಣಿದು ಬಾವಿಯ ಬಳಿ ಕೂರುತ್ತಾನೆ, ಗೆಳೆಯನ ಸಾವಿಗೆ ಅಳುತ್ತಾನೆ, ದೋಣಿಯಲ್ಲಿ ನಿದ್ರಿಸುತ್ತಾನೆ. ಕ್ರೈಸ್ತನಿಗೆ ಇವು ಮರೆಮಾಡಬೇಕಾದ ವಿವರಗಳಲ್ಲ. ನಂಬಿಕೆಯ ಆಧಾರಗಳೇ ಇವು.

ಆ ನಂಬಿಕೆಗೆ ಸಿದ್ಧಾಂತದ ರೂಪ ಬರಲು ನಾಲ್ಕು ಶತಮಾನಗಳಿಗೂ ಹೆಚ್ಚು ಕಾಲ ಬೇಕಾಯಿತು. ಕ್ರಿ.ಶ. ೩೨೫ರ ನೈಸೀಯ ಸಭೆಯು ಕ್ರಿಸ್ತನು ಸೃಷ್ಟಿಯಾದವನಲ್ಲ, ತಂದೆಯೊಡನೆ ಒಂದೇ ತತ್ತ್ವದವನು ಎಂದಿತು. ಕ್ರಿ.ಶ. ೪೫೧ರ ಕ್ಯಾಲ್ಸಿಡನ್ ಸಭೆಯು ಅವನಲ್ಲಿ ಪೂರ್ಣ ದೈವತ್ವವೂ ಪೂರ್ಣ ಮಾನುಷತ್ವವೂ ಇವೆಯೆಂದೂ ಅವು ಕಲಸಿಹೋಗಿಲ್ಲ, ಬೇರ್ಪಟ್ಟೂ ಇಲ್ಲವೆಂದೂ ನಿರ್ಣಯಿಸಿತು. ಈ ನಿರ್ಣಯಕ್ಕೂ ಮಂಗಳೇಶನ ಗುಹೆಯ ಶಾಸನಕ್ಕೂ ನಡುವೆ ೧೨೭ ವರ್ಷಗಳ ಅಂತರ ಮಾತ್ರ. ದೇವರು ಮತ್ತು ದೇಹ ಎಂಬ ಪ್ರಶ್ನೆಗೆ ಒಂದು ನಾಡು ವಾಕ್ಯಗಳನ್ನು ಕಡೆಯುತ್ತಿದ್ದ ಕಾಲದ ಹಿಂದೆಯೇ ಮತ್ತೊಂದು ನಾಡು ಕಲ್ಲನ್ನು ಕಡೆಯಿತು.

ಕ್ಯಾಲ್ಸಿಡನ್ನಿನ ಬಿಗಿಯಾದ ವಾಕ್ಯವನ್ನು ಅರಿಯಲು ಇಳಕಲ್ಲಿನ ಮಗ್ಗ ಸ್ವಲ್ಪ ನೆರವಾದೀತು. ಇಳಕಲ್ ಸೀರೆಯ ಒಡಲಿಗೆ ಒಂದು ಹಾಸು, ಸೆರಗಿಗೆ ಇನ್ನೊಂದು ಹಾಸು. ಸಾಂಪ್ರದಾಯಿಕವಾಗಿ ಒಡಲು ಹತ್ತಿಯದು, ಸೆರಗು ರೇಷ್ಮೆಯದು. ನೇಕಾರರು ಈ ಎರಡು ಹಾಸುಗಳನ್ನು ಎಳೆ ಎಳೆಗೆ ಕೊಂಡಿ ಹಾಕಿ ಜೋಡಿಸಿ ನೇಯುತ್ತಾರೆ. ತೋಪು ತೆನಿ ಸೆರಗಿನ ಈ ಸೀರೆಯಲ್ಲಿ ಹೊಲಿಗೆಯಿಲ್ಲ. ಹತ್ತಿ ಹತ್ತಿಯಾಗಿಯೇ, ರೇಷ್ಮೆ ರೇಷ್ಮೆಯಾಗಿಯೇ ಉಳಿದರೂ ಸೀರೆ ಒಂದೇ. ಬೆರೆಯದ ಮತ್ತು ಬೇರ್ಪಡದ ಎರಡು ಗುಣಗಳ ಐಕ್ಯವೆಂದರೆ ಏನೆಂಬುದು ಇಲ್ಲಿ ಕಣ್ಣಿಗೆ ಕಾಣುತ್ತದೆ. ಉಪಮೆಗೆ ಮಿತಿಯೂ ಇದೆ. ಸೀರೆಯಲ್ಲಿ ಒಡಲು ಒಂದು ಭಾಗ, ಸೆರಗು ಒಂದು ಭಾಗ. ಕ್ರೈಸ್ತರ ನಂಬಿಕೆಯಲ್ಲಿ ಕ್ರಿಸ್ತನು ಒಂದು ಭಾಗದಲ್ಲಿ ದೇವರು, ಇನ್ನೊಂದು ಭಾಗದಲ್ಲಿ ಮನುಷ್ಯನಲ್ಲ. ಎರಡೂ ಪೂರ್ಣವಾಗಿ ಹಾಸುಹೊಕ್ಕಾಗಿವೆ. ಕೊಂಡಿ ಬಿದ್ದ ಕಡೆ ಉಪಮೆ ನಿಲ್ಲುತ್ತದೆ, ನಂಬಿಕೆ ಮುಂದೆ ಹೋಗುತ್ತದೆ.

ಇದೇ ಸುವಾರ್ತೆಯ ವಾಕ್ಯದಲ್ಲಿ ಅನುವಾದಗಳು ಸಾಮಾನ್ಯವಾಗಿ ‘ವಾಸಮಾಡಿದನು’ ಎಂದು ಹೇಳುವ ಕ್ರಿಯಾಪದವೊಂದಿದೆ. ಗ್ರೀಕಿನಲ್ಲಿ ಅದರ ಮೂಲಾರ್ಥ ಗುಡಾರ ಹಾಕುವುದು. ಕನ್ನಡದಲ್ಲಿ ಇದಕ್ಕೆ ‘ಬಿಡಾರ ಹೂಡು’ ಎಂಬ ನುಡಿಗಟ್ಟು ತೀರ ಹತ್ತಿರದ್ದು. ಬಾಗಲಕೋಟೆಯವರಿಗೆ ಇದರ ಅರ್ಥವನ್ನು ವಿವರಿಸಬೇಕಾಗಿಲ್ಲ. ಆಲಮಟ್ಟಿಯ ಹಿನ್ನೀರಿಗೆ ಹಳೆಯ ಊರಿನ ಬಹುಭಾಗವನ್ನು ಒಪ್ಪಿಸಿ ನವನಗರಕ್ಕೆ ಬಂದ ಕುಟುಂಬಗಳಿಗೆ ನೆಲೆಗೂ ಬಿಡಾರಕ್ಕೂ ಇರುವ ವ್ಯತ್ಯಾಸ ಅನುಭವದಿಂದ ಗೊತ್ತು. ಕೂಡಲಸಂಗಮದ ಐಕ್ಯಮಂಟಪವನ್ನೂ ಅದೇ ಹಿನ್ನೀರಿನಿಂದ ಕಾಪಾಡಲು ಸುತ್ತ ಗೋಡೆ ಕಟ್ಟಬೇಕಾಯಿತು. ಯೋಹಾನನ ಮಾತಿನ ಧ್ವನಿ ಅಲ್ಲಿರುವುದು: ಬಂದವನು ಅರಮನೆ ಕಟ್ಟಲಿಲ್ಲ, ಕಿತ್ತುಹಾಕಬಹುದಾದ ಬಿಡಾರದಂತಹ ದೇಹದಲ್ಲಿ, ಬಿಡಾರದವರ ನಡುವೆ ಇದ್ದನು.

ಈ ನಂಬಿಕೆಗೆ ಕನ್ನಡದ ಒಡಲನ್ನು ಕೊಡಲು ಯತ್ನಿಸಿದವರಲ್ಲಿ ಫರ್ಡಿನಾಂಡ್ ಕಿಟ್ಟೆಲ್ ಅಗ್ರಗಣ್ಯರು. ೧೮೫೩ರಲ್ಲಿ ಬಾಸೆಲ್ ಮಿಶನ್ನಿನ ಬೋಧಕರಾಗಿ ಬಂದ ಅವರು ೧೮೬೨ರಲ್ಲಿ ಯೇಸುವಿನ ಜೀವನವನ್ನು ದೇಸಿ ಛಂದಸ್ಸಿನಲ್ಲಿ ಹೇಳುವ ‘ಕಥಾಮಾಲೆ’ಯನ್ನು ಪ್ರಕಟಿಸಿದರು. ಕುಮಾರವ್ಯಾಸನ ಹಾಡಿಕೆಗೆ ಒಗ್ಗಿದ ಕಿವಿಗಳಿಗೆ ಪರದೇಶದ ಗದ್ಯ ಮುಟ್ಟದೆಂಬ ಅರಿವು ಅವರಿಗಿತ್ತು. ಕನ್ನಡದ ಒಳಗುಟ್ಟನ್ನು ಅವರು ಕಲಿತದ್ದು ಬಹುಮಟ್ಟಿಗೆ ಜೈನ ಕವಿಗಳಿಂದ, ವೈಯಾಕರಣರಿಂದ. ಕೇಶಿರಾಜನ ‘ಶಬ್ದಮಣಿದರ್ಪಣ’ವನ್ನು ೧೮೭೨ರಲ್ಲಿ ಸಂಪಾದಿಸಿದವರು ಅವರೇ. ೧೮೯೪ರಲ್ಲಿ ಹೊರಬಂದ ಅವರ ನಿಘಂಟು ಎಲ್ಲ ಮತಗಳವರ ಶಬ್ದಗಳನ್ನೂ ಒಂದೇ ಶ್ರದ್ಧೆಯಿಂದ ಕೂಡಿಸಿಕೊಂಡಿತು. ಮುಂದೆ ಮಂಜೇಶ್ವರದ ಗೋವಿಂದ ಪೈಗಳು ಕ್ರೈಸ್ತರಲ್ಲದಿದ್ದರೂ ‘ಗೊಲ್ಗೊಥಾ’ ಎಂಬ ಖಂಡಕಾವ್ಯದಲ್ಲಿ ಯೇಸುವಿನ ಕೊನೆಯ ದಿನವನ್ನೇ ಆರಿಸಿಕೊಂಡರು. ಪವಾಡಗಳನ್ನು ಬಿಟ್ಟು ನೋವಿನ ದಿನವನ್ನು ಆರಿಸಿಕೊಂಡುದರಲ್ಲಿ ಈ ತತ್ತ್ವದ ಮರ್ಮವನ್ನು ಕನ್ನಡ ಕವಿಯೊಬ್ಬರು ಗ್ರಹಿಸಿದ ಬಗೆ ಕಾಣುತ್ತದೆ.

ಗುಳೇದಗುಡ್ಡದ ನೇಕಾರನಿಗೆ ಇದರಿಂದ ದೊರೆತದ್ದೇನು? ಲೂಕನ ಪ್ರಕಾರ ಯೇಸು ಬೋಧನೆಗೆ ಹೊರಟಾಗ ಅವನಿಗೆ ಸುಮಾರು ಮೂವತ್ತು ವಯಸ್ಸು. ಅದಕ್ಕೂ ಹಿಂದಿನ ವರ್ಷಗಳ ಬಗ್ಗೆ ಸುವಾರ್ತೆಗಳು ಬಹುತೇಕ ಮೌನವಾಗಿವೆ. ಅವನು ಬಡಗಿಯಾಗಿದ್ದನೆಂದು ಮಾತ್ರ ತಿಳಿಯುತ್ತದೆ. ಅವತಾರಕಥೆಗಳ ಮಾನದಂಡದಿಂದ ಅಳೆದರೆ ಇವು ವ್ಯರ್ಥವಾದ ವರ್ಷಗಳು. ಯಾವ ಅಸುರನೂ ಸಾಯಲಿಲ್ಲ, ಯಾವ ಲೋಕವೂ ಅಳೆಯಲ್ಪಡಲಿಲ್ಲ. ಆದರೆ ದೇಹ ಧರಿಸುವುದೇ ಉದ್ದೇಶವಾಗಿದ್ದರೆ ಆ ವರ್ಷಗಳು ವ್ಯರ್ಥವಲ್ಲ. ಕುಣಿಮಗ್ಗದಲ್ಲಿ ಕಾಲಿಳಿಬಿಟ್ಟು ಕುಳಿತು, ಮೊಣಕಾಲು ಹಿಡಿಯುವವರೆಗೆ ಲಾಳಿ ಎಸೆಯುವವನ ದುಡಿಮೆಯ ದಿನಗಳನ್ನು ದೇವರೂ ಒಮ್ಮೆ ದುಡಿಮೆಯಾಗಿಯೇ ಕಳೆದನೆಂಬುದು ಕ್ರೈಸ್ತ ನೇಕಾರನಿಗೆ ಸಿಗುವ ಅರ್ಥ. ಆ ದುಡಿಮೆ ಲೀಲೆಯಾಗಿದ್ದರೆ ಅವನಿಗೆ ಅದರಿಂದ ಸಮಾಧಾನವಿಲ್ಲ. ‘ನರಾವತಾರ’ ಎಂಬ ಸಂಯುಕ್ತಪದದಲ್ಲಿ ಭಾರವೆಲ್ಲ ಮೊದಲ ಎರಡು ಅಕ್ಷರಗಳ ಮೇಲಿದೆ. ‘ಅವತಾರ’ವನ್ನು ಈ ನೆಲವು ಕೊಟ್ಟಿತು, ‘ನರ’ನನ್ನು ಒತ್ತಿ ಹೇಳುವ ಹೊಣೆ ಆ ಶಬ್ದವನ್ನು ಎರವಲು ಪಡೆದವರ ಮೇಲೆ ಬಿದ್ದಿತು.

ಜೈನದರ್ಶನವು ಈ ತತ್ತ್ವವನ್ನು ಒಪ್ಪುವುದಿಲ್ಲ. ಜಗತ್ಕರ್ತನಿಲ್ಲದ ದರ್ಶನದಲ್ಲಿ ಇಳಿದು ಬರುವ ಕರ್ತನಿಗೆ ಎಡೆಯಿಲ್ಲ. ಒಬ್ಬನ ಕರ್ಮವನ್ನು ಇನ್ನೊಬ್ಬನು ಹೊರಲಾರನು. ಆದರೆ ಒಪ್ಪದಿರುವುದು ಬೇರೆ, ಅರಿಯದಿರುವುದು ಬೇರೆ. ವಸ್ತುವನ್ನು ಯಾವ ನಯದಿಂದ ನೋಡಲಾಗಿದೆಯೆಂಬುದನ್ನು ಮೊದಲು ಗುರುತಿಸು ಎಂಬುದು ಅನೇಕಾಂತದ ಶಿಸ್ತು. ಆ ಶಿಸ್ತಿನಿಂದ ನೋಡಿದರೆ ಸಂಶೋಧಕರು ಸಾಮಾನ್ಯವಾಗಿ ಮಾಡುವ ಎರಡು ತಪ್ಪುಗಳು ತಿಳಿಯುತ್ತವೆ. ಎಲ್ಲ ಅವತಾರಗಳೂ ಒಂದೇ ಎಂದು ಉದಾರವಾಗಿ ನುಡಿದು ವ್ಯತ್ಯಾಸವನ್ನು ಅಳಿಸುವುದು ಒಂದು; ಪರದೇಶದ ಮಾತೆಂದು ತಳ್ಳಿ, ಅದು ಕನ್ನಡದ ಶಬ್ದಗಳಲ್ಲಿ ಪಡೆದ ಜೀವನವನ್ನು ಕಾಣದಿರುವುದು ಇನ್ನೊಂದು. ‘ನರಾವತಾರ’ವೆಂಬ ಶಬ್ದವು ಎರಡನ್ನೂ ತಡೆಯುತ್ತದೆ. ಅದರ ಅರ್ಧವನ್ನು ಬಾದಾಮಿಯ ಮೂರನೆಯ ಗುಹೆಯಲ್ಲಿ ಓದಬಹುದು. ಉಳಿದರ್ಧವನ್ನು ಓದಲು ಗುಳೇದಗುಡ್ಡದ ಮಗ್ಗದ ಮನೆಯವರೆಗೆ ಹೋಗಬೇಕು.